ಕೆಂಪು ಬಾಳೆ, ಕರಿ ಬಿದರಿ: ಕಲಬುರಗಿಯಿಂದ ಬೀದರಿಗೆ ನಾಲ್ಕು ದಿನ

ಮೊದಲ ದಿನ: ಕಲಬುರಗಿ

ಕಲಬುರಗಿ ಕೋಟೆಯೊಳಗಿನ ಜಾಮಿಯಾ ಮಸೀದಿಗೆ ಅಂಗಳವಿಲ್ಲ. ಸಾಮಾನ್ಯವಾಗಿ ಇಂಥ ಮಸೀದಿಯ ನಡುವೆ ತೆರೆದ ಅಂಗಳ ಇರುತ್ತದೆ. 1367ರಲ್ಲಿ ಕಟ್ಟಿದ ಈ ಮಸೀದಿಯ ಇಡೀ ನೆಲದ ಮೇಲೆ ಗುಮ್ಮಟಗಳ ಚಾವಣಿ. ಹಾಗಾಗಿ ಬೆಳಕು ಮೇಲಿನಿಂದ ಬೀಳುವುದಿಲ್ಲ, ಪಕ್ಕದ ಅಗಲವಾದ, ಗಿಡ್ಡ ಕಮಾನುಗಳಿಂದ ಅಡ್ಡಡ್ಡ ಹರಿದು ಬರುತ್ತದೆ. ಒಂದು ಕಂಬಕ್ಕೆ ಬೆಳಕು ತಾಗಿ, ಮುಂದಿನದಕ್ಕೆ ಅರ್ಧ ತಾಗಿ, ಅದರಾಚೆಯದು ನೆರಳಿಗೆ ಹೋಗುತ್ತದೆ. ಫೋಟೊಗೆ ಕಪ್ಪುಬಿಳುಪು ಎಲ್ಲಿ ಬೇಕು, ಎಲ್ಲಿ ಬೇಡ ಎಂದು ನೋಡಲೆಂದೇ ಹೊರಟ ಪ್ರವಾಸಕ್ಕೆ ಇದಕ್ಕಿಂತ ಒಳ್ಳೆಯ ಆರಂಭ ಸಿಗಲಿಕ್ಕಿಲ್ಲ. ನಾವು ಮೂವರು. ಜೊತೆಗೆ ಎರಡು ಕ್ಯಾಮೆರಾ, ಒಂದು ಮೊಬೈಲ್. ಬೆಳಗಿನ ರೈಲಿಗೆ ಇಳಿದು ಆಟೊ ಹಿಡಿದು ನೇರ ಕೋಟೆಗೇ ಬಂದಿದ್ದೆವು.

ಒಳಗೆ ಇರುವುದು ಒಂದೇ ಬಣ್ಣ, ಮಾಸಿದ ಗಾರೆಯದು. ಬಣ್ಣ ತೆಗೆದರೂ ಇಲ್ಲಿ ಏನೂ ಕಳೆಯುವುದಿಲ್ಲ. ಕಮಾನಿನ ಸಾಲು, ಅಂಚು, ನೆರಳಿನ ಮೆಟ್ಟಿಲು ಇನ್ನೂ ಸ್ಪಷ್ಟವಾಗುತ್ತವೆ. ಕಷ್ಟವಿರುವುದು ಎಷ್ಟು ಬೆಳಕು ಒಳಬಿಡಬೇಕೆಂಬ ಎಕ್ಸ್‌ಪೋಷರ್‌ನಲ್ಲಿ. ಹೊರಗಿನ ಕಮಾನಿನ ಬಾಯಿಗೂ ಒಳಗಿನ ಮೂಲೆಗೂ ಐದಾರು ಸ್ಟಾಪ್ ಅಂತರವಿದೆ (ಒಂದೊಂದು ಸ್ಟಾಪಿಗೂ ಬೆಳಕು ಎರಡುಪಟ್ಟು). ಕ್ಯಾಮೆರಾವನ್ನು ಅದರ ಪಾಡಿಗೆ ಬಿಟ್ಟರೆ ಒಳಗಿನ ಕತ್ತಲನ್ನು ಎತ್ತಲು ಹೋಗಿ ಕಮಾನಿನ ಬಾಯನ್ನು ಸುಟ್ಟುಬಿಡುತ್ತದೆ. ಸುಟ್ಟ ಬಿಳುಪಿನಿಂದ ಏನನ್ನೂ ವಾಪಸು ತರಲಾಗದು. ನೆರಳನ್ನಾದರೆ ಆಮೇಲೆ ಎತ್ತಿಕೊಳ್ಳಬಹುದು. ಆದ್ದರಿಂದ ಕಮಾನಿನ ಬಾಯಿ ಬರೀ ಬಿಳಿ ಹಾಳೆಯಾಗದಷ್ಟು, ಅಂದರೆ ಒಂದೂವರೆ ಸ್ಟಾಪ್ ಕೆಳಗಿಳಿಸಿ, ಐಎಸ್‌ಒ 100ರಲ್ಲಿ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆಯ ಅಳತೆ), ಸಂಸ್ಕರಿಸದ ಮೂಲ ಮಾಹಿತಿಯನ್ನು ಉಳಿಸುವ ರಾ ಫೈಲಿನಲ್ಲಿ ತೆಗೆದೆವು. ಐಎಸ್‌ಒ ಹೆಚ್ಚಿದ್ದರೆ ನೆರಳನ್ನು ಎತ್ತಿದಾಗ ಕಾಳುಕಾಳಾಗುತ್ತದೆ. ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್ ನಿಲ್ಲಿಸಲು ಮೊದಲೇ ಅನುಮತಿ ಬೇಕು. ನಮ್ಮ ಬಳಿ ಇರಲಿಲ್ಲ. ಕಂಬಕ್ಕೆ ಭುಜ ಆನಿಸಿ, ಉಸಿರು ಬಿಗಿಹಿಡಿದು ಶಟರ್ ವೇಗವನ್ನು 1/15 ಸೆಕೆಂಡಿನವರೆಗೆ ಇಳಿಸಿದೆವು. ಪ್ರತಿ ನೋಟಕ್ಕೂ ಮೂರು ಬಾರಿ ಒತ್ತಿದರೆ ಒಂದಾದರೂ ಚೂಪಾಗಿ ಬರುತ್ತದೆ.

ಹಫ್ತ್ ಗುಂಬಜ್‌ಗೆ ಮಧ್ಯಾಹ್ನವೇ ಹೋದದ್ದು ತಪ್ಪು. ಡಿಸೆಂಬರಿನಲ್ಲೂ ಇಲ್ಲಿಯ ಹನ್ನೆರಡರ ಬಿಸಿಲು ಬೆಳ್ಳಗೆ ಸುರಿಯುತ್ತದೆ. ಬಹಮನಿ ಸುಲ್ತಾನರ ಗೋರಿಗಳ ಓರೆ ಗೋಡೆಗಳು ರಟ್ಟಿನ ಹಲಗೆಯ ಹಾಗೆ ಚಪ್ಪಟೆಯಾಗಿ ನಿಂತಿದ್ದವು. ಗೇಟಿನ ಬಳಿ ಕೂತಿದ್ದ ಹಿರಿಯರೊಬ್ಬರು ಕ್ಯಾಮೆರಾ ನೋಡಿಯೇ ಹೇಳಿದರು: "ಈಗ ತಗೀಬ್ಯಾಡ್ರಿ ಸರ್, ಸಪಾಟ್ ಕಾಣ್ತದ. ಊಟಾ ಮಾಡಿ ಐದಕ್ಕ ಬರ್ರಿ, ಗ್ವಾಡಿ ಎದ್ದು ಬರ್ತಾವ." ಬಿಸಿಲು ಕೆಟ್ಟಿದ್ದರೆ ಕಪ್ಪುಬಿಳುಪು ಮಾಡಿದರಾಯಿತು ಎಂಬ ಮಾತು ಬಹಳ ಜನರ ಬಾಯಲ್ಲಿದೆ. ಅದು ಅರ್ಧ ನಿಜ. ನಡುಹಗಲ ಬಿಸಿಲು ಬಣ್ಣವನ್ನು ತೊಳೆದುಬಿಡುತ್ತದೆ, ಆ ಕೊರತೆಯನ್ನು ಕಪ್ಪುಬಿಳುಪು ಮುಚ್ಚುತ್ತದೆ. ಆದರೆ ಗೋಡೆಯ ಮೇಲೆ ನೆರಳೇ ಇಲ್ಲದಿದ್ದರೆ ಬಣ್ಣ ತೆಗೆದ ಮೇಲೆ ಉಳಿಯುವುದು ಬರೀ ಬೂದಿ.

ಖಾನಾವಳಿಯಲ್ಲಿ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಮೇಲೆ ಗಟ್ಟಿ ಮೊಸರು. ತಟ್ಟೆಯ ಫೋಟೊ ಬಣ್ಣದಲ್ಲೇ ಇರಲಿ. ಕಪ್ಪುಬಿಳುಪಿನಲ್ಲಿ ಪುಂಡಿ ಪಲ್ಯ ಕೆಸರಾಗಿ ಕಾಣುತ್ತದೆ. ಒಳಗೆ ರೊಟ್ಟಿ ಬಡಿಯುತ್ತಿದ್ದ ಅಕ್ಕನ ಕೈ, ಹಾರುವ ಹಿಟ್ಟು, ಕಿಟಕಿಯಿಂದ ಓರೆಯಾಗಿ ಬಿದ್ದ ಬೆಳಕಿನಲ್ಲಿ ತೇಲುವ ಹೊಗೆ, ಇವು ಬೇರೆ ಮಾತು. ಅಲ್ಲಿ ಬಣ್ಣಕ್ಕೆ ಮಾಡಲು ಕೆಲಸವೇ ಇರಲಿಲ್ಲ.

ನಾಲ್ಕೂವರೆಗೆ ಗುಂಬಜ್‌ಗೆ ಮರಳಿದಾಗ ಹಿರಿಯರ ಮಾತು ಕಣ್ಣೆದುರಿಗಿತ್ತು. ಗಾರೆ ಉದುರಿದ ಪ್ರತಿ ಕುಳಿಗೂ ಒಂದೊಂದು ನೆರಳು. ಹುಡುಗರು ಪಕ್ಕದಲ್ಲೇ ಕ್ರಿಕೆಟ್ ಆಡುತ್ತಿದ್ದರು. ಚೌಕಟ್ಟಿನ ಮೂಲೆಯಲ್ಲಿ ಒಂದು ನೀಲಿ ಪ್ಲಾಸ್ಟಿಕ್ ಡ್ರಮ್ಮು, ನೆಲದ ಮೇಲೆ ಒಂದು ಬಿಳಿ ಕ್ಯಾರಿಬ್ಯಾಗು. ಬಣ್ಣದಲ್ಲಿ ಕಣ್ಣಿಗೆ ಚುಚ್ಚುತ್ತಿದ್ದ ಡ್ರಮ್ಮು ಕಪ್ಪುಬಿಳುಪಿನಲ್ಲಿ ಹಿಂದಿನ ಗೋಡೆಯ ಜೊತೆ ಸೇರಿ ಸುಮ್ಮನಾಯಿತು. ಬಣ್ಣದಲ್ಲಿ ಯಾರೂ ಗಮನಿಸದಿದ್ದ ಕ್ಯಾರಿಬ್ಯಾಗೇ ಈಗ ಕಿರುಚತೊಡಗಿತು. ಬಣ್ಣ ಹೋದ ಮೇಲೆ ಕಣ್ಣು ಮೊದಲು ಓಡುವುದು ಅತಿ ಬೆಳ್ಳಗಿನ ಜಾಗಕ್ಕೆ. ಆ ಚೀಲವನ್ನು ಎತ್ತಿ ಕಸದ ಬುಟ್ಟಿಗೆ ಹಾಕಿ ಬಂದು ಮತ್ತೆ ತೆಗೆದೆವು. ಐದೂ ಮುಕ್ಕಾಲಕ್ಕೆಲ್ಲ ಸೂರ್ಯ ಇಳಿದಿದ್ದ. ರಾತ್ರಿ ಸುಸಲಾ, ಮಿರ್ಚಿ, ಚಾ.

ಎರಡನೆಯ ದಿನ: ಕಮಲಾಪುರ, ಹುಮನಾಬಾದ್, ಬೀದರ್

ಬಾಡಿಗೆ ಕಾರು. ಊರು ದಾಟಿದರೆ ಎರಡೂ ಬದಿಗೆ ಎರೆಭೂಮಿ, ಕಾಯಿ ಬಲಿತ ತೊಗರಿ, ನಡುನಡುವೆ ಹಸಿರು ಜೋಳ. ಬೆಳಗಿನ ಎಂಟರವರೆಗೂ ಹೊಲದ ಮೇಲೆ ತೆಳು ಮಂಜಿತ್ತು. ಕರಿ ಮಣ್ಣು, ಬಿಳಿ ಮಂಜು, ಒಂಟಿ ಬೇವಿನ ಮರ. ಪ್ರಕೃತಿಯೇ ಬಣ್ಣ ತೆಗೆದಿಟ್ಟಿತ್ತು. ಮಂಜನ್ನು ಕ್ಯಾಮೆರಾದ ಬೆಳಕಳೆಯುವ ಮೀಟರು ನಡುಬೂದು ಮಾಡಿಬಿಡುತ್ತದೆ, ಹೊಗೆಯ ಹಾಗೆ ಕಾಣುತ್ತದೆ. ಮಂಜು ಮಂಜಾಗಿಯೇ ಇರಬೇಕಾದರೆ ಮುಕ್ಕಾಲರಿಂದ ಒಂದು ಸ್ಟಾಪ್ ಹೆಚ್ಚು ಕೊಡಬೇಕು.

ಕಮಲಾಪುರದಲ್ಲಿ ರಸ್ತೆ ಬದಿ ಬುಟ್ಟಿಗಳಲ್ಲಿ ಕೆಂಪು ಬಾಳೆ. ಭೌಗೋಳಿಕ ಸೂಚ್ಯಂಕ ಪಡೆದ, ಈ ಊರಿನ ಹೆಸರನ್ನೇ ಹೊತ್ತ ಹಣ್ಣು. ದಪ್ಪ ಸಿಪ್ಪೆ, ಒಳಗೆ ಕೆನೆಬಣ್ಣದ ತಿರುಳು. ಮಾರುತ್ತಿದ್ದ ಆಯಿ ಒಂದನ್ನು ಸುಲಿದು ಕೈಗಿಟ್ಟು, "ಮೊದಲ ತಿನ್ರಿ, ಆಮ್ಯಾಲ ಫೋಟೋ" ಅಂದರು. ತಿಂದು, ಫೋಟೊ ತೆಗೆದು, ಹುಮನಾಬಾದಿನ ಚಾ ಅಂಗಡಿಯಲ್ಲಿ ನೋಡಿದರೆ ಒಂದು ಕ್ಯಾಮೆರಾದ ಎಲ್ಲ ಬಾಳೆಗಳೂ ಕಪ್ಪುಬಿಳುಪು. ಬೆಳಗಿನ ಮಂಜಿಗೆಂದು ಮೊನೊಕ್ರೋಮ್ (ಕಪ್ಪುಬಿಳುಪು) ಪ್ರೊಫೈಲ್ ಹಾಕಿದ್ದು ಹಾಗೇ ಉಳಿದಿತ್ತು. ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ, ಆದರೆ ಕ್ಯಾಮೆರಾ ಬರೀ ಜೆಪೆಗ್‌ಗೆ ನಿಂತಿತ್ತು. ರಾ ಫೈಲಿನಲ್ಲಿ ಮೊನೊಕ್ರೋಮ್ ಎಂಬುದು ಪರದೆಯ ಮೇಲಿನ ನೋಟ ಮಾತ್ರ. ಒಳಗೆ ಬಣ್ಣದ ಮಾಹಿತಿ ಪೂರ್ತಿ ಇರುತ್ತದೆ. ಜೆಪೆಗ್‌ನಲ್ಲಿ ಬಣ್ಣ ಹೋದರೆ ಹೋಯಿತು. ಕೆಂಪು ಬಾಳೆಯಲ್ಲಿ ಕೆಂಪು ಹೋದರೆ ಉಳಿಯುವುದು ಹಣ್ಣು ಮೀರಿ ಕಪ್ಪಾದ ಸಾದಾ ಬಾಳೆ. ಆ ಚಿತ್ರಗಳನ್ನು ಅಳಿಸಿದೆವು.

ಅಂದಿನಿಂದ ಕ್ಯಾಮೆರಾ ರಾ ಮತ್ತು ಜೆಪೆಗ್ ಎರಡಕ್ಕೂ, ಪ್ರೊಫೈಲ್ ಮೊನೊಕ್ರೋಮಿಗೆ. ತೆಗೆಯುವಾಗಲೇ ಕಪ್ಪುಬಿಳುಪು ಕಾಣುತ್ತದೆ, ಮನಸ್ಸು ಬದಲಾದರೆ ಬಣ್ಣ ಕೈಯಲ್ಲೇ ಇರುತ್ತದೆ. ಮೊಬೈಲಿನವರೂ ಬಣ್ಣದಲ್ಲಿ ತೆಗೆದು, ಆಮೇಲೆ ಮೊನೊ ಮಾಡಿ, ಮೂಲವನ್ನು ಉಳಿಸಿಕೊಳ್ಳುವುದು ಒಳ್ಳೆಯದು.

ಹುಮನಾಬಾದ್ ದಾಟಿ ಬೀದರ್ ಸಮೀಪಿಸಿದಂತೆ ಕರಿ ಮಣ್ಣು ಹೋಗಿ ಕೆಂಪು ಮಣ್ಣು ಬಂತು. ಬೀದರಿನ ಎತ್ತರದ ಬಯಲು ಜಂಬಿಟ್ಟಿಗೆಯದು. ರಸ್ತೆ ಬದಿ ನಿಂತು ಲೆನ್ಸ್ ಬದಲಿಸುವಾಗ ಲಾರಿಯೊಂದು ಧೂಳೆಬ್ಬಿಸಿ ಹೋಯಿತು. ಅದರ ಫಲ ಮರುದಿನ ಕಂಡಿತು.

ಮೂರನೆಯ ದಿನ: ಬೀದರ್

ಬೆಳಗ್ಗೆ ಆರೂವರೆಗೆ ಕೋಟೆಯ ಹೊರಗೆ ಸ್ವೆಟರ್ ಇಲ್ಲದೆ ನಿಲ್ಲಲಾಗದ ಚಳಿ. ಗೋಡೆ ಕೆಂಪು, ಆಕಾಶ ಅಚ್ಚ ನೀಲಿ. ಕೆಂಪು ಫಿಲ್ಟರಿನ ಆಟಕ್ಕೆ ಹೇಳಿ ಮಾಡಿಸಿದ ಜೋಡಿ. ಫಿಲ್ಮ್ ಬಳಸುವವರು ಲೆನ್ಸಿಗೇ ಕೆಂಪು ಗಾಜು ಹಾಕುತ್ತಾರೆ. ಅದು ಮೂರು ಸ್ಟಾಪ್ ಬೆಳಕು ತಿನ್ನುತ್ತದೆ, ಕಿತ್ತಳೆ ಎರಡು, ಹಳದಿ ಒಂದು. ಡಿಜಿಟಲ್‌ನಲ್ಲಿ ಅದೇ ಕೆಲಸವನ್ನು ಎಡಿಟಿಂಗ್ ತಂತ್ರಾಂಶದಲ್ಲಿ ಒಂದೊಂದು ಬಣ್ಣದ ಹೊಳಪನ್ನು ಏರಿಸಿಳಿಸುವ ಸ್ಲೈಡರ್‌ಗಳು ಮಾಡುತ್ತವೆ. ಫಲಿತಾಂಶ ಎರಡರಲ್ಲೂ ಒಂದೇ: ಕೆಂಪು ಬೆಳ್ಳಗಾಗುತ್ತದೆ, ನೀಲಿ ಕಪ್ಪಾಗುತ್ತದೆ.

ನಾಟಕೀಯವಾಗಿ ಕಾಣುತ್ತದೆ, ನಿಜ. ಆದರೆ ಕೆಂಪನ್ನು ಪೂರ್ತಿ ಏರಿಸಿದಾಗ ಕೋಟೆಯ ಗೋಡೆ ಸುಣ್ಣದ ಗೋಡೆಯಾಯಿತು. ಜಂಬಿಟ್ಟಿಗೆಯ ಜೀವವಿರುವುದು ಅದರ ತೂತುಗಳಲ್ಲಿ. ಅವು ಅರ್ಧಕ್ಕರ್ಧ ಮಾಯ. ಗೋಡೆಯ ತೂಕವೇ ಹೋಯಿತು. ಕೆಂಪು 10ರಿಂದ 15, ನೀಲಿ ಮೈನಸ್ 25ರ ಸುತ್ತ ನಿಲ್ಲಿಸಿದಾಗ ಗೋಡೆ ಗೋಡೆಯಾಗಿಯೇ ಉಳಿಯಿತು. ನೀಲಿಯನ್ನು ಇನ್ನೂ ಇಳಿಸಿದರೆ ಬುರುಜಿನ ಅಂಚಿಗೆ ಬಿಳಿ ಗೆರೆ ಮೂಡುತ್ತದೆ, ಆಕಾಶ ಮರಳುಮರಳಾಗುತ್ತದೆ. ಸೆನ್ಸರಿನ ನೀಲಿ ಚಾನೆಲ್‌ನಲ್ಲಿ ಸಾಮಾನ್ಯವಾಗಿ ನಾಯ್ಸ್, ಅಂದರೆ ಕಾಳು, ಹೆಚ್ಚು, ಅದನ್ನು ಎಳೆದಷ್ಟೂ ಅದು ಹೊರಬೀಳುತ್ತದೆ. ಲೆನ್ಸ್ ಬದಲಿಸುವಾಗ ಸೆನ್ಸರಿನ ಮೇಲೆ ಕೂತಿದ್ದ ಹಿಂದಿನ ದಿನದ ಲಾರಿ ಧೂಳೂ ಇಲ್ಲೇ ಹೊರಬಿತ್ತು. ಬಣ್ಣದಲ್ಲಿ ಕಾಣದಿದ್ದ ಏಳೆಂಟು ಚುಕ್ಕೆಗಳು ಗಾಢ ಆಕಾಶದಲ್ಲಿ ಸಾಲಾಗಿ ನಿಂತಿದ್ದವು. ಲೆನ್ಸಿನ ಕಿಂಡಿ ಕಿರಿದಾಗುವ ಎಫ್ 16ರಲ್ಲಿ ಅವು ಇನ್ನೂ ಚೂಪು, ಕಿಂಡಿ ಅಗಲವಾಗುವ ಎಫ್ 8ಕ್ಕೆ ಬಂದರೆ ಬಹುಮಟ್ಟಿಗೆ ಕರಗುತ್ತವೆ. ಬಾಯಿಂದ ಊದಬೇಡಿ, ಎಂಜಲು ಬಿದ್ದರೆ ಕಲೆ ಅಂಟಿಕೊಳ್ಳುತ್ತದೆ. ಕ್ಯಾಮೆರಾದ ಮುಖ ಕೆಳಗೆ ಮಾಡಿ ರಬ್ಬರ್ ಬ್ಲೋವರ್‌ನಿಂದ ಊದಿದರೆ ಸಾಕು.

ಹೀಗೆ ಆಕಾಶ ಕಪ್ಪು ಮಾಡಿ "ಹಳೆಯ ಕಾಲದ ಫೋಟೊ" ಎನ್ನುವವರಿದ್ದಾರೆ. ಬೀದರ್, ಕಲಬುರಗಿ ಎರಡೂ ನಿಜಾಮರ ಆಳ್ವಿಕೆಯಲ್ಲಿದ್ದವು. ಅವರ ಆಸ್ಥಾನದ ಛಾಯಾಗ್ರಾಹಕ ರಾಜಾ ದೀನ್ ದಯಾಳ್ ಕಾಲದ ಸಾಮಾನ್ಯ ಗಾಜಿನ ಪ್ಲೇಟುಗಳಿಗೆ ಕೆಂಪು ಕಾಣುತ್ತಲೇ ಇರಲಿಲ್ಲ, ನೀಲಿಯೇ ಹೆಚ್ಚು ಕಾಣುತ್ತಿತ್ತು. ಅಂಥ ಪ್ಲೇಟಿನಲ್ಲಿ ಈ ಕೋಟೆಯ ಕೆಂಪು ಗೋಡೆ ಕಪ್ಪಾಗಿ, ಆಕಾಶ ಬೋಳು ಬಿಳಿಯಾಗಿ ಬರಬೇಕು. ನಾವು ಬೆಳಗಿನಿಂದ ಮಾಡುತ್ತಿದ್ದುದಕ್ಕೆ ನೇರ ವಿರುದ್ಧ.

ಹಳೆಯದನ್ನೆಲ್ಲ ಕಪ್ಪುಬಿಳುಪು ಮಾಡುವ ಚಟಕ್ಕೆ ಬಹಮನಿ ಮಂತ್ರಿ ಮಹಮೂದ್ ಗವಾನ್ ಮದರಸಾ ತಕ್ಕ ಉತ್ತರ ಕೊಡುತ್ತದೆ. 1472ರ ಕಟ್ಟಡ. ಅರ್ಧ ಬಿದ್ದಿದೆ, ಉಳಿದ ಒಂದು ಮಿನಾರಿನ ಮೇಲೆ ನೀಲಿ, ಹಸಿರು, ಹಳದಿ, ಬಿಳಿ ಹೆಂಚುಗಳ ಅಂಕುಡೊಂಕು ಪಟ್ಟಿಗಳ ಚೂರುಪಾರು ಉಳಿದಿದೆ. ವ್ಯೂಫೈಂಡರಿನಲ್ಲಿ ಮೊನೊಕ್ರೋಮ್ ನೋಡಿದ ತಕ್ಷಣ ಪಟ್ಟಿಗಳಲ್ಲಿ ಮುಕ್ಕಾಲು ಪಾಲು ಗೋಡೆಯೊಳಗೆ ಮುಳುಗಿದವು. ಹೆಂಚಿನ ನೀಲಿಯೂ ಹಿಂದಿನ ಗಾರೆಯೂ ಬಣ್ಣದಲ್ಲಿ ದೂರ, ಹೊಳಪಿನಲ್ಲಿ ಹತ್ತಿರ. ನೀಲಿ ಸ್ಲೈಡರ್ ಏರಿಸಿದರೆ ಹೆಂಚು ಬೆಳ್ಳಗಾಗಿ ಎದ್ದು ಬರುತ್ತದೆ, ಅದರೊಂದಿಗೆ ಆಕಾಶವೂ ಬೆಳ್ಳಗಾಗುತ್ತದೆ, ಏಕೆಂದರೆ ಅದೂ ನೀಲಿಯೇ. ಆಕಾಶ ಇಳಿಸಿದರೆ ಹೆಂಚು ಮತ್ತೆ ಮುಳುಗುತ್ತದೆ. ಎರಡನ್ನೂ ಬೇರೆಬೇರೆಯಾಗಿ ಆಯ್ದು (ಮಾಸ್ಕ್ ಮಾಡಿ) ಗಂಟೆಗಟ್ಟಲೆ ಕೂರಬಹುದು. ಅಷ್ಟು ಕಷ್ಟಪಟ್ಟು ತೆಗೆಯುವ ಬಣ್ಣವೇ ಈ ಕಟ್ಟಡದ ಉಳಿದಿರುವ ಆಸ್ತಿ. ಇಲ್ಲಿ ಬಣ್ಣದಲ್ಲೇ ತೆಗೆದೆವು. ಕೋಟೆಯೊಳಗಿನ ರಂಗೀನ್ ಮಹಲಿನಲ್ಲೂ ಹಾಗೇ. ಕರಿಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪು ತಲೆ ಅಲ್ಲಾಡಿಸಿದಂತೆ ಗುಲಾಬಿಯಿಂದ ಹಸಿರಿಗೆ ಹೊರಳುತ್ತದೆ. ಕಪ್ಪುಬಿಳುಪಿನಲ್ಲಿ ಅದು ಬರೀ ಬಿಳಿ ಚೂರು.

ಮಧ್ಯಾಹ್ನ ಹಳೆಯ ಊರಿನ ನಡುವಿನ ಗೋಪುರ ಚೌಬಾರದ ಹತ್ತಿರದ ಓಣಿಯಲ್ಲಿ ಬಿದರಿ ಕೆಲಸದ, ಅಂದರೆ ಕಪ್ಪು ಲೋಹದ ಪಾತ್ರೆಗೆ ಬೆಳ್ಳಿ ಕೂರಿಸುವ ಕಸುಬಿನ ಮನೆ. ಹತ್ತಡಿ ಕೋಣೆ, ಮೂವರು ಕುಶಲಕರ್ಮಿಗಳು, ನೆಲದ ಮೇಲೆ ಕೂತೇ ಕೆಲಸ. ಬಾಗಿಲಿನಿಂದ ಹಗಲು ಬೆಳಕು, ಮೇಲೆ ಹಸಿರು ಛಾಯೆಯ ಟ್ಯೂಬ್‌ಲೈಟು, ಮೂಲೆಯಲ್ಲಿ ಹಳದಿ ಬಲ್ಬು. ಒಂದೇ ಮುಖದ ಮೇಲೆ ಮೂರು ಬಣ್ಣ. ಯಾವ ಬೆಳಕಿಗೆ ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಕಾಣಿಸುವ ಹೊಂದಾಣಿಕೆ) ಕೂರಿಸಿದರೂ ಉಳಿದ ಎರಡು ಕೆಡುತ್ತವೆ. ಕಪ್ಪುಬಿಳುಪು ಇಲ್ಲಿ ನೂರಕ್ಕೆ ನೂರು ಸರಿ. ಐಎಸ್‌ಒ 3200ರಲ್ಲೂ ಬಣ್ಣದ ನಾಯ್ಸ್ ಮಾಯವಾಗಿ, ಉಳಿದ ಕಾಳು ಫಿಲ್ಮಿನ ಕಾಳಿನ ಹಾಗೆ ಕೂರುತ್ತದೆ. ಒಂದನ್ನು ಮಾತ್ರ ಅದು ಸರಿಪಡಿಸುವುದಿಲ್ಲ. ನಮ್ಮ ಕರೆಂಟು 50 ಹರ್ಟ್ಸ್, ಹಳೆಯ ಟ್ಯೂಬು ಸೆಕೆಂಡಿಗೆ ನೂರು ಬಾರಿ ಮಿನುಗುತ್ತದೆ. ಶಟರ್ ವೇಗ ಇದಕ್ಕೆ ಹೊಂದದಿದ್ದರೆ ಚಿತ್ರದಲ್ಲಿ ಪಟ್ಟೆಗಳು ಬೀಳುತ್ತವೆ. ಬಣ್ಣ ತೆಗೆದರೂ ಪಟ್ಟೆ ಇರುತ್ತದೆ. 1/100 ಅಥವಾ 1/50ರಲ್ಲಿ ತೆಗೆದರೆ ಕಾಟವಿಲ್ಲ.

ಕೆಲಸವನ್ನು ಹಂತಹಂತವಾಗಿ ತೋರಿಸಿದರು. ಸತು ಹದಿನಾರು ಪಾಲು, ತಾಮ್ರ ಒಂದು ಪಾಲು ಕರಗಿಸಿ ಅಚ್ಚಿಗೆ ಹುಯ್ಯುತ್ತಾರೆ. ಅರದಿಂದ ಉಜ್ಜಿ ನಯ ಮಾಡಿ ಮೈಲುತುತ್ತದ ನೀರು ಸವರಿದರೆ ಬೂದು ಲೋಹ ತಾತ್ಕಾಲಿಕವಾಗಿ ಕಪ್ಪಾಗುತ್ತದೆ. ಅದರ ಮೇಲೆ ಗೀರಿದರೆ ಗೆರೆ ಬೆಳ್ಳಗೆ ಕಾಣಲೆಂದು ಈ ಕಪ್ಪು. ಉಳಿಯಿಂದ ಗೆರೆ ಕೊರೆದು, ಬೆಳ್ಳಿಯ ತಂತಿ ಅದುಮಿ, ಸಣ್ಣ ಸುತ್ತಿಗೆಯಿಂದ ಕೂರಿಸಿ, ಮತ್ತೆ ಉಜ್ಜುತ್ತಾರೆ. ಆಗ ಎಲ್ಲವೂ ಬೂದು, ಬೆಳ್ಳಿ ಯಾವುದು ಸತು ಯಾವುದು ಹೇಳಲಾಗದು. ಕೊನೆಗೆ ಕೋಟೆಯ ಹಳೆಯ ಮಣ್ಣು ಮತ್ತು ನವಸಾಗರ ಕಲಸಿದ ನೀರು. ಬಿಸಿ ಮಾಡಿದ ಹೂಜಿಗೆ ಅದನ್ನು ಸವರುತ್ತಿದ್ದಂತೆ ಸತು ಕಾಡಿಗೆಗಪ್ಪಾಯಿತು, ಬೆಳ್ಳಿ ಇದ್ದ ಹಾಗೇ ಉಳಿಯಿತು. "ಇದು ಬಣ್ಣ ಹಚ್ಚಿದ್ದಲ್ರಿ, ಮಣ್ಣಿಂದ ಆಗೂದು," ಎಂದು ಹಿರಿಯ ಕೆಲಸಗಾರರು ಚಿಟಿಕೆ ಮಣ್ಣು ತೋರಿಸಿದರು. "ಬಿಸಲು, ಮಳಿ ಬೀಳದ ಜಾಗಾದಾಗಿಂದು ಬೇಕು. ನಾಲಿಗಿಗಿ ಹಚ್ಚಿ ನೋಡಿ ತರ್ತೀವ್ರಿ."

ಬೂದಿನಿಂದ ಕಪ್ಪಿಗೆ ಹೊರಳುವ ಆ ಅರ್ಧ ನಿಮಿಷವನ್ನು ಒಂದೇ ಜಾಗದಿಂದ, ಒಂದೇ ಎಕ್ಸ್‌ಪೋಷರಿನಲ್ಲಿ ಎರಡು ಚಿತ್ರವಾಗಿ ತೆಗೆದೆವು. ಕ್ಯಾಮೆರಾ ಮ್ಯಾನ್ಯುಯಲ್‌ನಲ್ಲಿರಲೇಬೇಕು. ಆಟೊದಲ್ಲಿದ್ದರೆ ಹೂಜಿ ಕಪ್ಪಾದಷ್ಟೂ ಕ್ಯಾಮೆರಾ ಬೆಳಕು ಏರಿಸಿ ಮತ್ತೆ ಬೂದು ಮಾಡಿಬಿಡುತ್ತದೆ. ಸಿದ್ಧವಾದ ಬಿದರಿಗೂ ಇದೇ ಕಾರಣಕ್ಕೆ ಒಂದರಿಂದ ಒಂದೂವರೆ ಸ್ಟಾಪ್ ಇಳಿಸಬೇಕು. ಬೆಳ್ಳಿ ತನ್ನೆದುರು ಏನಿದೆಯೋ ಅದನ್ನೇ ತೋರಿಸುತ್ತದೆ, ಎದುರು ಕತ್ತಲಿದ್ದರೆ ಅದೂ ಕಪ್ಪು. ಬಾಗಿಲ ಎದುರು ಬಿಳಿ ಧೋತರ ಹಿಡಿದಾಗ ತಂತಿಗಳೆಲ್ಲ ಒಮ್ಮೆಗೇ ಬೆಳಗಿದವು. ಪ್ರತಿಫಲನ ತಗ್ಗಿಸುವ ಪೋಲರೈಸರ್ ಫಿಲ್ಟರ್ ಹಾಕಿ ಪ್ರಯೋಜನವಿಲ್ಲ, ಬರಿ ಲೋಹದ ಹೊಳಪನ್ನು ಅದು ಕಳೆಯುವುದಿಲ್ಲ. ಮಾರಾಟದ ಪಟ್ಟಿಗೆಂದು ಅವರು ಕೇಳಿದ ನಾಲ್ಕು ಚಿತ್ರಗಳನ್ನು ಮಾತ್ರ ಟ್ಯೂಬ್ ಆರಿಸಿ, ಬಾಗಿಲ ಬೆಳಕಿನಲ್ಲಿ, ಬಣ್ಣದಲ್ಲೇ ತೆಗೆದುಕೊಟ್ಟೆವು. ಕೊಳ್ಳುವವರು ಕಪ್ಪುಬಿಳುಪು ಚಿತ್ರ ನೋಡಿದರೆ ಪಾತ್ರೆಯ ಕಪ್ಪು ನಿಜವೋ ಚಿತ್ರದ್ದೋ ಎಂದು ಕೇಳುತ್ತಾರೆ.

ನಾಲ್ಕನೆಯ ದಿನ: ಅಷ್ಟೂರು, ಎಳ್ಳ ಅಮಾವಾಸ್ಯೆ

ಅಷ್ಟೂರಿನ ದಾರಿಯಲ್ಲಿ ಮೊದಲು ಸಿಗುವುದು ಚೌಖಂಡಿ, ಎಂಟು ಮೂಲೆಯ ಗೋರಿ. ಬಾಗಿಲ ಸುತ್ತ ಕರಿಕಲ್ಲಿನಲ್ಲಿ ಕೆತ್ತಿದ ಅಂಚು. ಬೆಳಕು ಗೋಡೆಗೆ ಒರಸಿಕೊಂಡು ಹೋಗುವ ಹೊತ್ತಿನಲ್ಲಿ ಕಪ್ಪುಬಿಳುಪಿಗೆ ಇಂಥ ವಸ್ತು ಇನ್ನೊಂದಿಲ್ಲ. ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಹುಮಾಯೂನನ ಗೋರಿ ಸಿಡಿಲಿಗೆ ಸೀಳಿ ಅರ್ಧ ಗುಮ್ಮಟ ಮಾತ್ರ ನಿಂತಿದೆ. ಗುಮ್ಮಟದ ದಪ್ಪ, ಒಳಗಿನ ಡೊಂಕು ಎಲ್ಲ ಹೋಳು ಮಾಡಿದ ಕಲ್ಲಂಗಡಿಯಂತೆ ಕಾಣುತ್ತದೆ. ಅದನ್ನೂ ಕಪ್ಪುಬಿಳುಪಿನಲ್ಲಿ ತೆಗೆದೆವು. ಅದೇ ಸಾಲಿನ, ಇನ್ನೊಬ್ಬ ಬಹಮನಿ ಸುಲ್ತಾನ ಅಹಮದ್ ಶಾ ವಲಿಯ ಗೋರಿಯ ಒಳಗೆ ಕಾಲಿಟ್ಟರೆ ಮಾತು ತಿರುಗುತ್ತದೆ: ಕತ್ತಲಲ್ಲಿ ಕಣ್ಣು ಹೊಂದಿಕೊಂಡಂತೆ ಗುಮ್ಮಟದ ತುಂಬ ಕುಂಕುಮಗೆಂಪು, ನೀಲಿ, ಚಿನ್ನದ ಅಕ್ಷರಗಳು. ಫ್ಲ್ಯಾಷ್ ಬೇಡ. ಎಫ್ 2.8, 1/30, ಐಎಸ್‌ಒ 3200. ಸ್ವಲ್ಪ ಕಾಳು ಬಂದರೂ ಬಣ್ಣವೇ ಇರಲಿ.

ಹೊರಗೆ ಬಂದಾಗ ರಸ್ತೆ ತುಂಬ ಹೊಲಕ್ಕೆ ಹೊರಟ ಗಾಡಿ, ಟ್ರ್ಯಾಕ್ಟರು, ಬೈಕು. ಅಂದು ಎಳ್ಳ ಅಮಾವಾಸ್ಯೆ. ಒಂದು ಹೊಲದ ಮನೆಯವರು ಕೈಬೀಸಿ ಕರೆದರು, "ಬರ್ರಿ ಅಣ್ಣಾರ, ಉಂಡು ಹೋಗ್ರಿ." ಜೋಳದ ದಂಟಿನ ಕೊಂಪಿ (ಗುಡಿಸಲು), ಒಳಗೆ ಸುಣ್ಣ ಹಚ್ಚಿದ ಐದು ಕಲ್ಲು, ಪಾಂಡವರೆಂದು ಪೂಜೆ. ಹೊಲಕ್ಕೆ ಎಡೆಯ ಚರಗ ಚೆಲ್ಲಿ ಬಂದ ಮೇಲೆ ಊಟ: ಸಜ್ಜಿ ರೊಟ್ಟಿ, ಭಜ್ಜಿ, ಕಡುಬು, ಮಣ್ಣಿನ ಗಡಿಗೆಯ ಅಂಬಲಿ. ಭಜ್ಜಿಯಲ್ಲಿ ಹಸಿ ಕಾಳು, ಸೊಪ್ಪು, ಹುಣಸೆ ಎಲ್ಲ ಬೆರೆತು ಒಂದೊಂದು ತುತ್ತಿಗೂ ಒಂದೊಂದು ರುಚಿ.

ಕೊಂಪಿಯೊಳಗಿನ ಬಿಳಿ ಕಲ್ಲುಗಳನ್ನು ಕಪ್ಪುಬಿಳುಪಿನಲ್ಲಿ ತೆಗೆದೆವು, ದಂಟಿನ ಸಂದಿಯಿಂದ ಬಿದ್ದ ಬಿಸಿಲಿನ ಗೆರೆಗಳ ಜೊತೆ. ಆಮೇಲೆ ಮನೆಯ ಅಜ್ಜಿ ಎದೆಮಟ್ಟದ ಜೋಳದ ನಡುವೆ ನಿಂತರು, ಕೆಂಪು ಸೀರೆ. ಕಣ್ಣಿಗೆ ಇದಕ್ಕಿಂತ ದೊಡ್ಡ ವ್ಯತ್ಯಾಸವಿಲ್ಲ, ಮೊನೊಕ್ರೋಮ್ ವ್ಯೂಫೈಂಡರಿನಲ್ಲಿ ಮಾತ್ರ ಸೀರೆ ಹೊಲದಲ್ಲಿ ಕರಗಿಹೋಯಿತು. ಲೆಕ್ಕ ಸರಳ. ಸಾದಾ ಪರಿವರ್ತನೆಯಲ್ಲಿ ಹಸಿರಿಗೆ ನೂರರಲ್ಲಿ 59, ಕೆಂಪಿಗೆ 30, ನೀಲಿಗೆ 11 ಪಾಲು. ಸೀರೆಯ ಕೆಂಪು 200, ಹಸಿರು 30, ನೀಲಿ 40 ಆಗಿದ್ದರೆ ಬೂದು 82 ಬರುತ್ತದೆ. ಎಲೆಯ ಕೆಂಪು 70, ಹಸಿರು 110, ನೀಲಿ 50 ಇದ್ದರೆ 91. 255ರ ಅಳತೆಯಲ್ಲಿ ಒಂಬತ್ತರ ಅಂತರ ಕಣ್ಣಿಗೆ ಕಾಣುವುದೇ ಕಷ್ಟ. ಕಣ್ಣು ಅರ್ಧ ಮುಚ್ಚಿ ನೋಡಿದರೆ ಇದು ಕ್ಯಾಮೆರಾ ಇಲ್ಲದೆಯೂ ಗೊತ್ತಾಗುತ್ತದೆ: ಎರಡು ವಸ್ತು ಒಂದರೊಳಗೊಂದು ಬೆರೆತರೆ ಬಣ್ಣ ಇಟ್ಟುಕೊಳ್ಳಬೇಕು, ಬೇರೆಯಾಗಿಯೇ ನಿಂತರೆ ಬಿಡಬಹುದು. ಕೆಂಪು ಸ್ಲೈಡರ್ ಏರಿಸಿ ಸೀರೆಯನ್ನು ಬೇರ್ಪಡಿಸಬಹುದಿತ್ತು, ಆದರೆ ಮುಖದ ಬಣ್ಣದಲ್ಲೂ ಕೆಂಪೇ ಹೆಚ್ಚು. ಮುಖ ಮೇಣದಂತಾಗಿ ಸುಕ್ಕುಗಳೆಲ್ಲ ಅಳಿಸಿಹೋಗುತ್ತಿದ್ದವು.

ಪರದೆಯ ಮೇಲೆ ಕಪ್ಪುಬಿಳುಪು ನೋಡಿ ಅಜ್ಜಿಯೂ ತಲೆ ಅಲ್ಲಾಡಿಸಿದರು. "ಹಿಂಗ ಬ್ಯಾಡಪ್ಪಾ. ನಮ್ಮ ಮುತ್ಯಾಂದು ಗ್ವಾಡಿಗಿ ಹಾಕೀವಿ, ಹಾರ ಹಾಕಿ, ಹಂಗ ಕಾಣ್ತದ. ಸೀರಿ ಹೊಸಾದದ, ಕೆಂಪನೇ ಬರ್ಲಿ." ಬಣ್ಣದ ರಾ ಫೈಲ್ ಕಾರ್ಡಿನಲ್ಲಿತ್ತು.

ಹೊರಡುವ ಬೆಳಗ್ಗೆ ಬೀದರಿನ ಸ್ಟುಡಿಯೊ ಒಂದರಲ್ಲಿ ಅಜ್ಜಿಯ ಚಿತ್ರವನ್ನು ಐದು-ಏಳು ಇಂಚಿನ ಅಳತೆಗೆ ಮುದ್ರಿಸಿದೆವು. ಯಂತ್ರ ತಾನಾಗಿ ಬಣ್ಣ ಏರಿಸದಂತೆ ಮೊದಲೇ ಹೇಳಬೇಕು, ಇಲ್ಲವಾದರೆ ಕೆಂಪು ಹರಡಿಹೋಗುತ್ತದೆ. ಬಿದರಿ ಮನೆಯ ಕಪ್ಪುಬಿಳುಪು ಚಿತ್ರ ಮೊದಲ ಸಲ ಹಸಿರು ಛಾಯೆ ಹೊತ್ತು ಬಂತು. ಬಣ್ಣದ ಕಾಗದದ ಮೇಲೆ ಅದೇ ಬಣ್ಣಗಳಿಂದ ಬೂದು ಮಾಡುವಾಗ ಹೀಗಾಗುವುದುಂಟು. ಮೊದಲು ಸಣ್ಣ ಅಳತೆಯಲ್ಲಿ ಒಂದು ತೆಗೆಸಿ, ಹಗಲು ಬೆಳಕಿಗೆ ಹಿಡಿದು ನೋಡಿ, ಸರಿಪಡಿಸಿದ ಮೇಲೆ ದೊಡ್ಡದು ಹಾಕಿಸಬೇಕು. ಮೂರನೆಯ ಪ್ರಯತ್ನದಲ್ಲಿ ಬೆಳ್ಳಿ ಬೆಳ್ಳಿಯಾಗಿ ಬಂತು. ಅದನ್ನು ಚೌಬಾರದ ಓಣಿಗೆ ಕೊಟ್ಟು, ಕೆಂಪು ಸೀರೆಯ ಚಿತ್ರವನ್ನು ಅಷ್ಟೂರಿನ ದಾರಿಯ ಹೊಲಕ್ಕೆ ತಲುಪಿಸಿ, ಹುಮನಾಬಾದಿನ ಕಡೆ ತಿರುಗಿದೆವು. ಕಮಲಾಪುರದಲ್ಲಿ ಮತ್ತೆ ನಿಂತು ಬಾಳೆ ತೆಗೆಯುವುದು ಬಾಕಿ ಇತ್ತು.